ನಾಲ್ಕನೆಯ ಉತ್ತರ

ಕುಂಬಳೆ ಸ್ಟೇಷನ್ ರಸ್ತೆಯಲ್ಲಿ ನನ್ನದು
ಮಿಕ್ಸಿ, ಫ್ಯಾನು, ಹಳೆ ಟೀವಿ ರಿಪೇರಿ.
ಕೆಲಸ ಕೊಟ್ಟವರು ಕೊಟ್ಟು ಹೋಗುತ್ತಾರೆ,
ಈ ಇಬ್ಬರು ಹೋಗುವುದಿಲ್ಲ.

ಪ್ರಫುಲ್ಲ ಟೀಚರ್, ಕನ್ನಡ ಮೀಡಿಯಂ ಶಾಲೆಯ ಗಣಿತ,
ಬ್ಯಾಗಿನಲ್ಲಿ ಒಂಬತ್ತು ಬಿಯ ನೋಟುಪುಸ್ತಕ,
ತಲೆಯಲ್ಲಿ ಏಳು ಸೀಸನ್ನಿನ ಒಂದು ಬಾಹ್ಯಾಕಾಶ ಹಡಗು.
ಜುನೈದ್, ಮೀನಿನ ಐಸ್ ಫ್ಯಾಕ್ಟರಿಯ ರಾತ್ರಿಪಾಳಿ,
ಶಾರ್ಜಾದ ಮಾವ ಹಳತಾಯಿತೆಂದು ಕೊಟ್ಟ ಕನ್ಸೋಲಿನಲ್ಲಿ
ನೂರ ನಲ್ವತ್ತು ಗಂಟೆ ಆಡಿಯೂ ಮುಗಿಸದ ಒಂದು ರಾಜ್ಯ.
ಅದರ ಫ್ಯಾನು ಗುಂಯ್ ಎನ್ನುತ್ತದೆಂದು ತಂದವನು.
ವಾರ ಎರಡಾಯಿತು, ಸ್ಟೂಲು ಬಿಟ್ಟಿಲ್ಲ.

"ಟೀಚರ್, ನಿಮ್ಮದು ನೋಡುವ ಕಥೆ.
ನೋಡುವವನಿಗೆ ಕೈ ಎಲ್ಲುಂಟು?
ನನ್ನದರಲ್ಲಿ ಒಬ್ಬ ದೋಣಿಯವನಿದ್ದಾನೆ,
ಪ್ರತಿಸಲ ಕೇಳುತ್ತಾನೆ: ನೀನು ಯಾವ ದಡದವ?
ಕೆಳಗೆ ನಾಲ್ಕು ಉತ್ತರ.
ಈ ದಡ. ಆ ದಡ. ಗೊತ್ತಿಲ್ಲ.
ನಾಲ್ಕನೆಯದು ಬರೇ ಮೂರು ಚುಕ್ಕಿ.
ತೊಂಬತ್ತು ಗಂಟೆ ನಾನು ಗೊತ್ತಿಲ್ಲ ಅಂತಲೇ ಒತ್ತಿದೆ,
ದಾಟಿಸಿದ, ದುಡ್ಡು ತೆಗೊಂಡ, ಅಷ್ಟೆ.
ಮೊನ್ನೆ ನಿದ್ದೆಗಣ್ಣಲ್ಲಿ ಬೆರಳು ಜಾರಿ ಚುಕ್ಕಿಗೆ ಬಿತ್ತು.
ಅವ ಹುಟ್ಟು ಕೆಳಗಿಟ್ಟ, ಟೀಚರ್.
ನಡುನೀರಲ್ಲಿ ಕೂತು
ತನ್ನ ಮುಳುಗಿದ ಊರಿನ ಒಂದೊಂದೇ ಮನೆಯ ಹೆಸರು ಹೇಳಿದ.
ಯಾರೋ ಬರೆದಿಟ್ಟಿದ್ದಾರೆ ಅದನ್ನು,
ಯಾರೂ ಒತ್ತದಿದ್ದರೂ ಇರಲಿ ಅಂತ."

ಟೀಚರ್ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.
"ಒಳ್ಳೆಯದೇ. ಆದರೆ ನಿನ್ನ ಲೋಕದಲ್ಲಿ
ಸತ್ತವನನ್ನು ಹಿಂದಿನ ಸೇವಿಗೆ ಹೋಗಿ ಎಬ್ಬಿಸಬಹುದು.
ಮತ್ತೆ ಸಾವಿಗೆ ಎಂತ ಬೆಲೆ ಮಾರಾಯ?
ಮೂರನೇ ಸೀಸನ್ನಿನಲ್ಲಿ ಆ ಕ್ಯಾಪ್ಟನ್
ಮೆಕ್ಯಾನಿಕ್ ಹುಡುಗಿಯನ್ನು ಹಿಮದ ಚಂದ್ರನಲ್ಲಿ ಬಿಟ್ಟು ಬಂದಳಲ್ಲ,
ನನ್ನನ್ನು ಕೇಳಿದಳಾ?
ಕೇಳಿದ್ದರೆ ನಾನು ಬಿಡುತ್ತಿರಲಿಲ್ಲ.
ಕೇಳಲಿಲ್ಲ, ಅದಕ್ಕೇ ಅದು ಕಥೆ.
ಮರುದಿನ ಬೋರ್ಡಿನಲ್ಲಿ ಎಕ್ಸ್ ಬರೆದವಳು
ಅದರ ಬೆಲೆ ಕಂಡುಹಿಡಿಯಲು ಮರೆತು ನಿಂತಿದ್ದೆ."

"ಐದನೇ ಸೀಸನ್ನಿನಲ್ಲಿ ಅವಳ ಅವಳಿ ಬಂದಳಲ್ಲ!"
"ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ."
"ಗಣಿತದ ಟೀಚರ್ ಹೀಗೆ ಹೇಳುವುದಾ?"
"ಐದನೇ ಸೀಸನ್ ಇಲ್ಲ. ನಾಲ್ಕರ ನಂತರ ಆರು."

ನಾನು ಸೋಲ್ಡರ್ ಹೊಗೆಯನ್ನು ಊದಿ ಬದಿಗೆ ಸರಿಸಿದೆ.
ಹೇಳಲಿಕ್ಕಿತ್ತು. ಹೇಳಲಿಲ್ಲ.
ತಾಳಮದ್ದಳೆಗಳಲ್ಲಿ ಅಪ್ಪ ಮದ್ದಳೆ ಬಾರಿಸುತ್ತಿದ್ದರು,
ಚಾಪೆಯ ತುದಿಯಲ್ಲಿ ನಾನು, ತೊಡೆಯ ಮೇಲೆ ಮದ್ದಳೆಯ ಗವಸು.
ಪ್ರಸಂಗ ಎಲ್ಲರಿಗೂ ಗೊತ್ತು. ಸಾಯುವವನು ಯಾರೆಂದೂ.
ಒಂದು ರಾತ್ರಿ ಪೆರ್ಲದಲ್ಲಿ ಆ ಸಾಯುವವನ ಅರ್ಥ ಹೇಳಿದವರು,
ಹಗಲಲ್ಲಿ ಸೊಸೈಟಿಯ ಕ್ಲಾರ್ಕು,
ಹೇಗೆ ವಾದಿಸಿದರೆಂದರೆ
ಎದುರಿನವರಿಗೆ ಮಾತು ಸಿಗಲಿಲ್ಲ.
ಭಾಗವತರು ಮುಂದಿನ ಪದ್ಯವನ್ನು ಬಾಯಲ್ಲೇ ಹಿಡಿದರು,
ಅಪ್ಪನ ಕೈ ಮದ್ದಳೆಯ ಮೇಲೆ, ತಾಗದೆ.
ಇವತ್ತು ಬದುಕುತ್ತಾನೆ ಎಂದು
ಇಡೀ ಚಪ್ಪರಕ್ಕೆ ಅನ್ನಿಸಿತು.
ಆಮೇಲೆ ಪದ್ಯ ಬಂತು. ಸತ್ತ.
ಬರೆದದ್ದನ್ನು ಯಾರೂ ಬದಲಿಸಲಿಲ್ಲ,
ಆದರೂ ಆ ರಾತ್ರಿಯ ಸಾವು ಬೇರೆ.

ಇದು ನೋಡುವ ಕಥೆಯಾ, ಆಡುವ ಕಥೆಯಾ?
ಇವರ ಕೈಗೆ ಕೊಟ್ಟರೆ ಇನ್ನೆರಡು ವಾರ ಏಳಲಿಕ್ಕಿಲ್ಲ.

ಅಷ್ಟರಲ್ಲಿ ಪಂಚಾಯತಿನಿಂದ ಒಬ್ಬ, ಯಾವುದೋ ಸರ್ವೆ.
ಹೆಸರು, ಲೈಸನ್ಸು, ಕರೆಂಟಿನ ಮೀಟರು
ಮಲಯಾಳದಲ್ಲಿ ಕೇಳುತ್ತ ಬರೆಯುತ್ತ ಬಂದವನು
ಮಾತೃಭಾಷೆ ಎಂಬಲ್ಲಿ ಪೆನ್ನು ನಿಲ್ಲಿಸಿದ.
ಮನೆಯಲ್ಲಿ ತುಳು, ಲೆಕ್ಕ ಕನ್ನಡದಲ್ಲಿ,
ಗಿರಾಕಿಗಳ ಹತ್ತಿರ ಅವರವರದ್ದು,
ಬೆರಳು ಸುಟ್ಟಾಗ ಬರುವುದು ಯಾವುದೆಂದು ಗಮನಿಸಿಲ್ಲ.
ಅಜ್ಜ, ಮಲಗಿದ ಮನೆಯಲ್ಲೇ
ಬೇರೆ ರಾಜ್ಯದಲ್ಲಿ ಎದ್ದವರು.
ಆ ಸೀಸನ್ನನ್ನೂ ಯಾರನ್ನೂ ಕೇಳದೆ ಬರೆದಿದ್ದರು.

ನಾನು ಮೂರು ಚುಕ್ಕಿಯಾದೆ.
ಒಳಗಿನ ಇನ್ನೊಂದು ಸ್ಟೂಲು ಎಳೆದುಕೊಟ್ಟೆ.
ಜುನೈದನ ಕಣ್ಣು ನನ್ನ ಮೇಲೆ.

ಅವನು ಕೂತ. ಕಾಗದವನ್ನು ತೊಡೆಯ ಮೇಲೆ ಮಗುಚಿಟ್ಟ.
ಯಾವ ಊರು ಹೇಳುತ್ತಾನೋ, ಯಾವ ಮುಳುಗಿದ ಮನೆ
ಎಂದು ಕಾದರೆ
ಟೀಚರ್ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಅವನ ಭಾಷೆಯಲ್ಲೇ:
"ಆ ಅವಳಿಯನ್ನು ತಂದದ್ದು ಮಹಾ ಮೋಸ.
ನಾನು ಅಲ್ಲಿಗೇ ನಿಲ್ಲಿಸಿದೆ."

ಟೀಚರ್ ನಾಲ್ಕನೆಯ ಚಾ ಹೇಳಿದರು.
ಕನ್ಸೋಲಿನ ಗುಂಯ್ ಇನ್ನೂ ನಿಂತಿಲ್ಲ.